ಹದ್ದಿನಗುಂಡಿನ ದೊಣೆಗೆ ಎರಡು ಸೈಕಲ್ಲು

ಬುಧವಾರದ ಹೊತ್ತು ನೆತ್ತಿಗೇರುವುದರೊಳಗೆ ಹದ್ದಿನಗುಂಡು ಗುಡ್ಡದ ನೀರನ್ನು ಪೆದ್ದಹರಿವಾಣದ ಕುರಿಹಟ್ಟಿಗೆ ತಂದು ಮುಟ್ಟಿಸಬೇಕು. ಶಿವಲೀಲಾ ಒಪ್ಪಿಕೊಂಡು ಬಂದಿದ್ದ ಕೆಲಸ ಇಷ್ಟೇ.

ಅವಳ ಮನೆತನದ ನಾನೂರು ಕುರಿಗಳು ಹತ್ತಿ ಬಿಡಿಸಿ ಮುಗಿದ ಹೊಲಗಳಲ್ಲಿ ತಂಗಿ ತಿಂಗಳಾಗಿತ್ತು. ಗೊಬ್ಬರಕ್ಕೆಂದು ಹಿಂಡನ್ನು ನಿಲ್ಲಿಸಿಕೊಂಡಿದ್ದ ಹೊಲದವರ ದಿನಗಳು ಬುಧವಾರಕ್ಕೆ ಮುಗಿಯುತ್ತಿದ್ದವು. ಅಲ್ಲಿಂದ ಮುಂದೆ ಎರಡೇ ದಾರಿ. ಒಂದು ಪಡುವಣ ಗುಡ್ಡಗಳಿಗೆ, ಇನ್ನೊಂದು ಕಾಲುವೆಯ ದಂಡೆಗೆ. ಕಾಲುವೆಯಲ್ಲಿ ನೀರಿಗೆ ಕೊರತೆಯಿಲ್ಲ. ಆದರೆ ಹತ್ತೂರ ಹಿಂಡುಗಳೂ ಅಲ್ಲೇ ಸೇರಿ ಕೆಸರು ತುಳಿಯುತ್ತವೆ. ಹೋದ ವರ್ಷ ಆ ಕೆಸರಿನಲ್ಲಿ ಗೊರಸು ಕೊಳೆತು, ಜ್ವರ ಹತ್ತಿ, ಶಿವಲೀಲಾ ಕೈಯಾರೆ ಹಾಲೂಡಿಸಿ ಬೆಳೆಸಿದ್ದ ನಲವತ್ತು ಮರಿಗಳು ಸತ್ತುಹೋಗಿದ್ದವು. ಗುಡ್ಡದಲ್ಲಿ ಹುಲ್ಲು ಹೇರಳ. ಗುಡ್ಡದ ನೆತ್ತಿಯ ದೊಣೆಯಲ್ಲಿ, ಅಂದರೆ ಬಂಡೆಗಳ ನಡುವಿನ ಹೊಂಡದಲ್ಲಿ, ಈ ಮಾಘ ಮಾಸಕ್ಕೆ ನೀರು ಉಳಿದಿದೆಯೇ ಎಂಬುದೊಂದೇ ತಿಳಿಯಬೇಕಾಗಿತ್ತು.

ಹಿಂಡು ಏಳುವ ಮೊದಲು ಒಬ್ಬರು ಮುಂದೆ ಹೋಗಿ ದಾರಿ ನೋಡಿ ಬರುವುದು ಆ ಮನೆತನದ ಪದ್ಧತಿ. ನೋಡಿ ಬಂದವರ ಬಾಯಿಮಾತು ಸಾಲದು. ಅಲ್ಲಿಯ ನೀರನ್ನು ತರಬೇಕು, ಹಿಂಡಿನ ಮುಂದಾಳು ಟಗರು ಅದನ್ನು ಕುಡಿಯಬೇಕು. ಇಷ್ಟು ವರ್ಷ ಆ ಕೆಲಸ ಅವಳ ಅಣ್ಣ ಸುಂಕೇಶನದಾಗಿತ್ತು. ಈ ಸಲ ಅವನ ಹಿಮ್ಮಡಿಗೆ ಜಾಲಿಮುಳ್ಳು ನಾಟಿ, ಕೀವು ತುಂಬಿ, ಅವನು ಮಂಚ ಹಿಡಿದಿದ್ದ.

“ಯಾರನ್ನಾದ್ರೂ ಕಳಿಸಿ ಫೋನಿನ್ಯಾಗ ಕೇಳಿದ್ರ ಆಗಂಗಿಲ್ಲೇನು?” ಎಂದು ಯಾರೋ ಕೇಳಿದ್ದಕ್ಕೆ ಅವಳ ದೊಡ್ಡಪ್ಪ ಸಿದ್ದಬಸಪ್ಪ ನಕ್ಕುಬಿಟ್ಟಿದ್ದ. “ಫೋನಿನ್ಯಾಗ ನೀರು ಹರೀತೈತೇನು? ಮೂರು ವರ್ಷದ ಹಿಂದ ಒಬ್ಬಾವ ದೂರದಿಂದ ನೋಡಿ ನೀರೈತಿ ಅಂದ. ಹಿಂಡು ಹೊಡಕೊಂಡು ಹೋದ್ರ ನೀರಲ್ಲ, ಬಂಡೆಗಲ್ಲು ಬಿಸಿಲಿಗೆ ಹೊಳೀತಿತ್ತು.”

ನಡೆದರೆ ಹೋಗಿಬರಲು ಮೂರು ದಿನ ಬೇಕು. ಬೈಕು ಹಳೆಯ ಕಲ್ಲುಕ್ವಾರಿಯವರೆಗೆ ಮಾತ್ರ ಹೋಗುತ್ತದೆ. ಅದರಾಚೆ ಎಷ್ಟೋ ಕಡೆ ಗಾಡಿಯನ್ನೇ ಎತ್ತಿ ಬಂಡೆ ದಾಟಿಸಬೇಕು. ಎತ್ತಲು ಬರುವ ಗಾಡಿಯೆಂದರೆ ಸೈಕಲ್ಲು. ಹೀಗೆಂದು ಯೋಚಿಸಿ, ಸೋಮವಾರ ಸಂಜೆ ಶಿವಲೀಲಾ ಆದವಾನಿಯ ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಲಾಲಪ್ಪನ ಸೈಕಲ್ ಅಂಗಡಿಯ ಮುಂದೆ ನಿಂತಿದ್ದಳು. ಜೊತೆಗೆ ಅವಳ ಸೋದರಮಾವ ಮಾರಣ್ಣ. ಮೂವತ್ತೈದು ವರ್ಷ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದ ಮನುಷ್ಯ. ಕಬ್ಬಿಣದ ವಿಷಯದಲ್ಲಿ ತನ್ನ ಮಾತೇ ಕೊನೆಯ ಮಾತು ಎಂದು ನಂಬಿದವನು.

ಹೊಳೆಯಾಚೆ ಎಲ್ಲೋ ಮುಚ್ಚಿಹೋದ ಒಂದು ಸಾಹಸ ಶಿಬಿರದಿಂದ ಲಾಲಪ್ಪ ಮೂರು ಗುಡ್ಡದ ಸೈಕಲ್ಲುಗಳನ್ನು ಕೊಂಡು ತಂದಿದ್ದ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸಸ್ಪೆನ್ಷನ್ ಇರುವಂಥವು. ಫ್ರೇಮು ಒಂದೇ ತುಂಡಲ್ಲ. ಹಿಂದಿನ ಚಕ್ರವನ್ನು ಹಿಡಿದ ತೋಳು ಬೇರೆ, ಸವಾರನನ್ನು ಹೊತ್ತ ಮುಂಭಾಗ ಬೇರೆ. ಎರಡಕ್ಕೂ ನಡುವೆ ಕೀಲು, ಕೀಲಿನ ಮೇಲೆ ಶಾಕು. ಕಲ್ಲಿಗೆ ಬಡಿದಾಗ ತೋಳು ಮೇಲೇಳುತ್ತದೆ, ಶಾಕು ಕುಗ್ಗಿ ಹೊಡೆತವನ್ನು ನುಂಗುತ್ತದೆ.

“ಇದನ್ನ ಎತ್ತಿ ನೋಡಮ್ಮಾ,” ಎಂದು ಲಾಲಪ್ಪ ಕರಿಯ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದ. “ಕಾರ್ಬನ್. ಚಾಲಾ ಲೈಟು, ಬಾಳ ಹಗರ! ವಿಮಾನಕ್ಕ ಹಾಕೋ ಮಾಲು ಇದು.”

“ಹದ್ದಿನಗುಂಡಿನ ಮ್ಯಾಲ ವಿಮಾನ ಇಳದದ್ದು ನಾ ಕಂಡಿಲ್ಲಪಾ,” ಎಂದ ಮಾರಣ್ಣ. ಜೇಬಿನಿಂದ ಒಂದು ನಾಣ್ಯ ತೆಗೆದು ಫ್ರೇಮಿನ ಉದ್ದಕ್ಕೂ ತಟ್ಟುತ್ತ ಹೋದ. ಟಕ್, ಟಕ್, ಟಕ್. ಪೆಡಲಿನ ಅಚ್ಚಿನ ಹತ್ತಿರ ಬಂದಾಗ ದನಿ ಮಂಕಾಯಿತು. ಅವನು ಮತ್ತೊಮ್ಮೆ ತಟ್ಟಿದ, ಮತ್ತೂ ಮಂಕು.

“ಇಲ್ಲಿ ಒಳಗ ಪದರ ಬಿಟ್ಟೈತಿ.”

“ಹೊರಗ ಒಂದು ಗೀರೂ ಇಲ್ಲಲ್ಲಣ್ಣಾ!”

“ಗೀರಿದ್ರ ನೀನೂ ಕಾಣ್ತಿದ್ದಿ. ನನ್ನನ್ಯಾಕ ಕರೀತಿದ್ರು?”

ಉಳಿದವು ಎರಡು. ಒಂದು ಬಣ್ಣ ಮಾಸಿದ ಅಲ್ಯೂಮಿನಿಯಂ ಸೈಕಲ್ಲು, ಇನ್ನೊಂದು ಹಸಿರು ಬಣ್ಣದ ಉಕ್ಕಿನದು. ಮಾರಣ್ಣ ಮಿಲ್ಲಿನಲ್ಲಿ ಶಾಫ್ಟುಗಳ ಬಿರುಕು ಹಿಡಿಯುತ್ತಿದ್ದ ರೀತಿಯಲ್ಲೇ ಅವುಗಳ ಬೆಸುಗೆಗಳಿಗೆಲ್ಲ ಸೀಮೆಎಣ್ಣೆ ಸವರಿ, ಬೀಡಿ ಸೇದುವಷ್ಟು ಹೊತ್ತು ಬಿಟ್ಟು, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದ. ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಗೆ ಜಿನುಗಿ, ಬಿಳಿಯ ಪುಡಿಯ ಮೇಲೆ ಗೆರೆ ಮೂಡಿಸುತ್ತದೆ. ಎರಡರಲ್ಲೂ ಗೆರೆ ಮೂಡಲಿಲ್ಲ.

“ಎರಡೂ ಗಟ್ಟಿ ಅದಾವು. ಆದ್ರ ನೀ ಉಕ್ಕಿಂದ ತಗೋ ಲೀಲಾ. ಉಕ್ಕು ಮೊದ್ಲು ಬಾಗ್ತೈತಿ, ಕಿರುಗುಟ್ಟತೈತಿ, ಆಮ್ಯಾಲ ಮುರೀತೈತಿ. ಅಲ್ಯೂಮಿನಿಯಂ ಹೇಳದ ಕೇಳದ ಕೈ ಕೊಡ್ತೈತಿ.”

ಶಿವಲೀಲಾ ಎರಡನ್ನೂ ಒಂದೊಂದಾಗಿ ಭುಜಕ್ಕೇರಿಸಿ ಇಳಿಸಿದಳು. “ಬಂಡೆಗಲ್ಲು ದಾಟಿಸಾಕಿ ನಾನಲ್ಲೇನ್ ಮಾವ? ಈ ಉಕ್ಕಿಂದು ಅದಕ್ಕಿಂತ ಮೂರು ಕಿಲೋ ಹೆಚ್ಚೈತಿ. ದಾರಿಯುದ್ದಕ್ಕೂ ಒಂದು ಎಳೀಮರಿ ಹೊತ್ತಂಗ.”

“ಹಂಗಾರ ಅಲ್ಯೂಮಿನಿಯಂ ನೀ ಹತ್ತು. ಉಕ್ಕಿಂದು ನಾ ಹತ್ತತೀನಿ.”

“ನೀನೂ ಬರ್ತೀಯಾ? ಮಂಡಿ?”

“ನನ್ನ ಮಂಡಿನೂ ಉಕ್ಕಿಂದ ಐತಿ,” ಎಂದ ಮಾರಣ್ಣ.

ಲಾಲಪ್ಪ ನಕ್ಕು, “ಸರೇ, ಎರಡೂ ಒಯ್ರಿ. ಓಡಿಸಿ ನೋಡಿ ಬಂದು, ಬೇಕಾದ್ದು ಒಂದು ಇಟ್ಕೋರಿ,” ಎಂದ.

ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಹಟ್ಟಿಯಲ್ಲಿ ಹೇರು ಕಟ್ಟುವ ಕೆಲಸ ನಡೆದಿತ್ತು. ಗುಡ್ಡದಲ್ಲಿ ನೀರಿಲ್ಲದಿದ್ದರೆ ಕುಡಿಯಲು ಬೇಕಲ್ಲವೇ? ಎರಡು ಕ್ಯಾನು ನೀರು, ಎರಡು ಕಂಬಳಿ, ರೊಟ್ಟಿಯ ಗಂಟು, ಕೈಕೊಡಲಿ. ಎಲ್ಲವನ್ನೂ ಶಿವಲೀಲಾ ತನ್ನ ಸೈಕಲ್ಲಿನ ಹಿಂಬದಿಗೇ ಏರಿಸಿದಳು. ಹಟ್ಟಿ ಬದಲಿಸುವಾಗ ಕತ್ತೆಯ ಮೇಲೆ ಸಂಸಾರವನ್ನೆಲ್ಲ ಹೇರುವ ಹೆಂಗಸರ ಕೈ ಅದು. ಗಂಟು ಹೊಯ್ದಾಡಿದರೆ ಕತ್ತೆಯ ಬೆನ್ನು ಹುಣ್ಣಾಗುತ್ತದೆ. ಆದ್ದರಿಂದ ಹಗ್ಗ ಸುತ್ತಿ, ಅದರಲ್ಲಿ ಗೂಟ ತೂರಿಸಿ ತಿರುವಿ ಬಿಗಿದು, ಆ ಗೂಟವನ್ನು ಸಂದಿಯೊಂದರಲ್ಲಿ ಭದ್ರವಾಗಿ ತುರುಕುತ್ತಾರೆ. ಶಿವಲೀಲಾ ಹಾಗೆಯೇ ಮಾಡಿದಳು. ಸೀಟಿನ ಕೆಳಗಿನ ಕೊಳವೆಗೂ ಹಿಂದಿನ ತೋಳಿಗೂ ನಡುವೆ ಗೂಟ ಕೂರಲೆಂದೇ ಮಾಡಿದಂಥ ಸಂದಿಯೊಂದಿತ್ತು.

ಸಿದ್ದಬಸಪ್ಪ ಬಂದು ಹೇರನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿದ. ಅದು ಕದಲಲಿಲ್ಲ. “ಹೇರಂದ್ರ ಹಿಂಗಿರಬೇಕು,” ಎಂದ. ಮಾರಣ್ಣನೂ ಅಲುಗಿಸಿ ನೋಡಿ, “ಭೇಷ್!” ಎಂದ.

“ನಾಳೆ ಹೊತ್ತು ನೆತ್ತಿಗೆ ಬರೂಮಟ ಕಾಯ್ತೀನಿ ಲೀಲಾ,” ಎಂದ ದೊಡ್ಡಪ್ಪ. “ಆಮ್ಯಾಲ ಕಾಲವಿ ಕಡೆ ಹೊಡೀತೀನಿ. ಸಿಟ್ಟಾಗಬ್ಯಾಡ.”

“ನಾ ಬರ್ತೀನಿ, ಕಾಯಿ.”

ಎರೆಹೊಲಗಳ ನಡುವಿನ ದಾರಿಯಲ್ಲಿ ಸೈಕಲ್ಲುಗಳು ಹಗುರಾಗಿ ಓಡಿದವು. ಕಿತ್ತು ರಾಶಿ ಹಾಕಿದ ಹತ್ತಿಕಟ್ಟಿಗೆಯ ಮೇಲೆ ಮಂಜು ಇನ್ನೂ ಕುಳಿತಿತ್ತು. ಕೆಂಪು ಮೆಣಸಿನಕಾಯಿ ಹರವಿದ ಕಣಗಳಿಂದ ಘಾಟು ಏಳುತ್ತಿತ್ತು. ಹಿಂದಿರುಗಿ ನೋಡಿದರೆ ಆದವಾನಿ ಕೋಟೆಯ ಗುಡ್ಡಗಳ ಬೆನ್ನಿಗೆ ಸೂರ್ಯ ಏಳುತ್ತ, ಅವುಗಳ ಅಂಚು ಬೂದಿಬಣ್ಣದಿಂದ ಕೇಸರಿಗೆ ತಿರುಗುತ್ತಿತ್ತು. ಹನ್ನೆರಡು ಕಿಲೋಮೀಟರಿನ ಮೇಲೆ ಕಲ್ಲುಕ್ವಾರಿ ಬಂತು. ಅದನ್ನು ದಾಟಿದ್ದೇ ತಡ, ಭೂಮಿಯ ಸ್ವಭಾವವೇ ಬದಲಾಯಿತು. ಆನೆಗಾತ್ರದ ಬಂಡೆಗಳು ಒಂದರ ಹೆಗಲ ಮೇಲೊಂದು ಕೈಯಿಟ್ಟು ನಿಂತಿದ್ದವು. ಅವುಗಳ ಸಂದಿಗಳಲ್ಲಿ ಎಲೆ ಉದುರಿದ ಸೀತಾಫಲದ ಗಿಡಗಳು, ಕಾರೆಮುಳ್ಳು, ಕಳ್ಳಿ. ಒಣಹುಲ್ಲು ಮೊಳಕಾಲುದ್ದ ಬೆಳೆದು ಗಾಳಿಗೆ ಮಲಗಿ ಏಳುತ್ತಿತ್ತು. ಅದರೊಳಗಿಂದ ಗೌಜಲಕ್ಕಿಗಳು ಬುರ್ರೆಂದು ಹಾರಿ, ಇವರನ್ನು ಬೆಚ್ಚಿಬೀಳಿಸಿ, ಮುಂದಿನ ಪೊದೆಯಲ್ಲಿ ಇಳಿದು ಕೂಗುತ್ತಿದ್ದವು.

“ಇಷ್ಟು ಹುಲ್ಲು!” ಎಂದಳು ಶಿವಲೀಲಾ. “ನೀರೊಂದು ಇದ್ರ ಸಾಕು ಮಾವ.”

ಆದರೆ ಅವಳ ಮೈ ಬೇರೆಯದೇ ಒಂದು ಮಾತನ್ನು ಹೇಳುತ್ತಿತ್ತು. ಪ್ರತಿಯೊಂದು ಕಲ್ಲೂ ಸೀಟಿನ ಮೂಲಕ ಸೊಂಟಕ್ಕೆ, ಸೊಂಟದಿಂದ ಹಲ್ಲಿಗೆ ಬಡಿಯುತ್ತಿತ್ತು. ಬೆನ್ನಿಗೆ ಸಣ್ಣ ಚೀಲವೊಂದನ್ನೇ ತಗುಲಿಸಿಕೊಂಡಿದ್ದ ಮಾರಣ್ಣ ಮಾತ್ರ ತೊಟ್ಟಿಲಲ್ಲಿ ಕುಳಿತವನಂತೆ ತೂಗುತ್ತ ಬರುತ್ತಿದ್ದ.

“ನಿಂದು ಮೆತ್ತಗೈತೇನು?”

“ಹಾಸಿಗಿ ಹಾಸಿದಂಗೈತಿ.”

“ನಂದು ಎತ್ತಿನ ಬಂಡಿಯಂಗ ಕುಟ್ಟತೈತಿ.”

“ನಾ ಹೇಳಲಿಲ್ಲೇನು? ಉಕ್ಕು ಉಕ್ಕೇ!” ಎಂದು ಅರವತ್ತೆರಡರ ಮುದುಕ ಹುಡುಗನಂತೆ ಗಂಟೆ ಬಾರಿಸಿದ.

ನಾಲ್ಕು ಕಡೆ ಅವರು ಸೈಕಲ್ಲುಗಳನ್ನು ಎತ್ತಿ ದಾಟಿಸಬೇಕಾಯಿತು. ಶಿವಲೀಲಾ ಬಂಡೆಯ ಮೇಲೆ ನಿಂತು ಎಳೆದಳು, ಮಾರಣ್ಣ ಕೆಳಗಿನಿಂದ ನೂಕಿದ. ಮಧ್ಯಾಹ್ನ ಒಂದು ಕಲ್ಲಿನ ನೆರಳಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ತಿಂದು ಮತ್ತೆ ಹೊರಟರು. ಇಳಿಬಿಸಿಲ ಹೊತ್ತಿಗೆ ಹದ್ದಿನಗುಂಡು ಎದುರಿಗೇ ಎದ್ದು ನಿಂತಿತು. ನೆತ್ತಿಗೆ ಇನ್ನೊಂದು ಗಂಟೆಯ ದಾರಿ.

ಅಲ್ಲೊಂದು ಸಣ್ಣ ಹಳ್ಳ. ಶಿವಲೀಲಾ ವೇಗದಲ್ಲೇ ಇಳಿಸಿ ಆಚೆ ದಡಕ್ಕೆ ಹತ್ತಿಸಿದಳು.

‘ಟಣ್’ ಎಂದಿತು.

ಅವಳು ತಟ್ಟನೆ ಬ್ರೇಕು ಹಿಡಿದಳು. ಒಂದು ಕಾಲು ಊರಿ, ಸೀಟನ್ನು ಮೆಲ್ಲಗೆ ಒತ್ತಿದಳು. ಎಲ್ಲೋ ಒಳಗೆ ಕುರುಕ್ ಎಂಬ ಸದ್ದು.

“ಇಳಿ,” ಎಂದ ಮಾರಣ್ಣ. ಅವನ ದನಿಯಲ್ಲಿ ಈಗ ತಮಾಷೆಯಿರಲಿಲ್ಲ.

ಅಲ್ಲಿ ಸೀಮೆಎಣ್ಣೆಯೂ ಇಲ್ಲ, ಸೀಮೆಸುಣ್ಣವೂ ಇಲ್ಲ. ಮಾರಣ್ಣ ಚೈನಿಗೆ ಹಾಕುವ ಎಣ್ಣೆಯ ಎರಡು ಹನಿಯನ್ನು ಸೀಟಿನ ಕೊಳವೆಯ ಬೆಸುಗೆಗೆ ಸವರಿ, ಒರೆಸಿದ. ಎಲೆಅಡಿಕೆಯ ಚೀಲ ಬಿಚ್ಚಿ, ಡಬ್ಬಿಯ ಸುಣ್ಣವನ್ನು ಬೆರಳಿನಿಂದ ತೆಳ್ಳಗೆ ಬಳಿದ. ಇಬ್ಬರೂ ಅದನ್ನೇ ನೋಡುತ್ತ ಕುಳಿತರು. ಬಿಸಿಲಿಗೆ ಸುಣ್ಣ ಒಣಗಿ ಬಿಳುಪಾಯಿತು. ಆ ಬಿಳುಪಿನಲ್ಲಿ ಕೂದಲೆಳೆಯಂಥ ಕಂದು ಗೆರೆಯೊಂದು ನಿಧಾನವಾಗಿ ಮೂಡಿ, ಕೊಳವೆಯ ಅರ್ಧ ಸುತ್ತನ್ನು ಬಳಸಿತು.

“ಕೈ ಕೊಟ್ಟಿತು ನೋಡು! ನಾ ಅವತ್ತೇ...” ಎಂದು ಆರಂಭಿಸಿದ ಮಾರಣ್ಣ ಮಾತನ್ನು ಅಲ್ಲೇ ನಿಲ್ಲಿಸಿದ. ಅವನ ಬೆರಳು ಗೆರೆಯಿಂದ ಒಂದು ಅಂಗುಲ ಕೆಳಗೆ ಜಾರಿತ್ತು. ಅಲ್ಲಿ ಬಣ್ಣ ಸವೆದು, ಕೊಳವೆ ಒಳಕ್ಕೆ ತಗ್ಗಾಗಿತ್ತು. ತಗ್ಗಿನ ಮೇಲೆ ಸರಿಯಾಗಿ ಕುಳಿತಿತ್ತು ಗೂಟದ ತುದಿ.

 ಅವನು ಹಗ್ಗ ಬಿಚ್ಚಿ, ಗೂಟವನ್ನು ಕಲ್ಲಿನಿಂದ ತಟ್ಟಿ ಹೊರತೆಗೆದ. ಸೈಕಲ್ಲಿನ ಹಿಂಭಾಗ ಒಮ್ಮೆಲೇ ಸಡಿಲಗೊಂಡು, ಶಾಕು ಬುಸ್ಸೆಂದು ಕುಗ್ಗಿ ಎದ್ದಿತು. ಬೆಳಗಿನಿಂದ ಅದು ಕದಲಿದ್ದು ಅದೇ ಮೊದಲು.

ಶಿವಲೀಲಾಳಿಗೆ ಯಾರೂ ವಿವರಿಸಬೇಕಾಗಲಿಲ್ಲ. ತೋಳು ಮೇಲೇಳದಂತೆ ಅವಳೇ ಅಡ್ಡಗಟ್ಟಿದ್ದಳು. ಶಾಕು ನುಂಗಬೇಕಾದ ಪ್ರತಿಯೊಂದು ಹೊಡೆತವನ್ನೂ ಗೂಟ ಹೊತ್ತೊಯ್ದು ತೆಳುವಾದ ಕೊಳವೆಗೆ ಗುದ್ದಿತ್ತು.

“ನನ್ನ ಗೂಟ ಮಾವ.”

“ಹೂಂ.”

“ಬಿಗಿ ಇದ್ದಷ್ಟೂ ಚಲೋ ಅಂದ್ಕೊಂಡೆ.”

“ನಾನೂ ಅಲುಗಿಸಿ ನೋಡಿದ್ನಲ್ಲ. ಮೂವತ್ತೈದು ವರ್ಷ ಮಷೀನಿನ ಸಂಗಾಟ ಬಾಳ್ವಿ ಮಾಡಿದವ.” ಮಾರಣ್ಣ ಸುಣ್ಣದ ಬೆರಳನ್ನು ಧೋತರಕ್ಕೆ ಒರೆಸಿಕೊಂಡ. “ಏಳು. ಸೈಕಲ್ ಎಲ್ಲಿಗೂ ಹೋಗಂಗಿಲ್ಲ. ಹೊತ್ತು ಹೋಗತೈತಿ.”

ಸೈಕಲ್ಲುಗಳೆರಡನ್ನೂ ಪೊದೆಗೆ ಒರಗಿಸಿ, ಕಂಬಳಿ, ಕ್ಯಾನು, ಕೊಡಲಿಗಳನ್ನು ಹೊತ್ತು ಇಬ್ಬರೂ ಗುಡ್ಡ ಏರಿದರು. ಕೊನೆಯ ತಿರುವಿನಲ್ಲಿ ಮುಂದಿದ್ದ ಶಿವಲೀಲಾ ಹಠಾತ್ತನೆ ನಿಂತು, ಹಿಂದಕ್ಕೆ ಕೈ ಚಾಚಿ ಮಾವನ ಎದೆಯನ್ನು ತಡೆದಳು.

ದೊಣೆಯ ಅಂಚಿನಲ್ಲಿ ಕರಡಿಯೊಂದು ನಿಂತಿತ್ತು.

ಅದರ ಬೆನ್ನು ಇವರ ಕಡೆಗಿತ್ತು. ಗಾಳಿ ಅತ್ತಲಿಂದ ಬೀಸುತ್ತಿತ್ತು. ಇಬ್ಬರೂ ಬಂಡೆಯ ಮರೆಗೆ ಸರಿದು ಕಲ್ಲಾದರು. ಮಾರಣ್ಣನ ಕೈ ಕೊಡಲಿಯ ಮೇಲಿತ್ತು. ಶಿವಲೀಲಾ ತಲೆಯಾಡಿಸಿ ಬೇಡವೆಂದಳು. ಅವಳು ಕಿವಿಗೊಟ್ಟು ಕೇಳುತ್ತಿದ್ದಳು.

ಲಪ್, ಲಪ್, ಲಪ್.

“ಮಾವ,” ಎಂದು ಪಿಸುಗುಟ್ಟಿದಳು, “ಅದು ಕುಡ್ಯಾಕತ್ತೈತಿ.”

ಕರಡಿಗೆ ಯಾವ ಅವಸರವೂ ಇರಲಿಲ್ಲ. ಕುಡಿಯಿತು, ಕುಳಿತಿತು, ಕಿವಿ ಕೆರೆದುಕೊಂಡಿತು, ಇನ್ನೊಮ್ಮೆ ಕುಡಿಯಿತು. ನೆರಳುಗಳು ಉದ್ದವಾದ ಮೇಲೆ ಆಚೆಯ ಇಳಿಜಾರಿನಲ್ಲಿ ಓಲಾಡುತ್ತ ಇಳಿದುಹೋಯಿತು.

ದೊಣೆ ತುಂಬಿರಲಿಲ್ಲ, ಆದರೆ ಶಿವಲೀಲಾ ಉದ್ದನೆಯ ಕೋಲೊಂದನ್ನು ಇಳಿಸಿದಾಗ ಅದು ಪೂರ್ತಿ ಮುಳುಗಿತು. ಎರಡು ಬಂಡೆಗಳ ನೆರಳಿನಲ್ಲಿ ಬಿಸಿಲಿಗೆ ಸಿಗದೆ ಉಳಿದ ನೀರು ಕಪ್ಪಗೆ, ತಣ್ಣಗೆ ಮಲಗಿತ್ತು. ನಾನೂರು ಕುರಿಗಳಿಗೆ ಎರಡು ತಿಂಗಳಿಗೆ ಸಾಕೆಂದು ಅವಳು ಅಂದಾಜು ಮಾಡಿದಳು. ಬೊಗಸೆಯಲ್ಲಿ ಕುಡಿದು ನೋಡಿ, ಬಾಟಲಿಯೊಂದಕ್ಕೆ ತುಂಬಿಸಿ, ಮುಚ್ಚಳ ಬಿಗಿದಳು. ಆ ರಾತ್ರಿಯನ್ನು ಅವರು ದೊಣೆಯಿಂದ ದೂರ, ಚಾಚುಬಂಡೆಯೊಂದರ ಕೆಳಗೆ ಬೆಂಕಿ ಹಾಕಿಕೊಂಡು ಕಳೆದರು.

ಬುಧವಾರ ಮುಂಜಾನೆ ಸೈಕಲ್ಲುಗಳ ಹತ್ತಿರ ಬಂದಾಗ, ಹೇಳದೆ ಉಳಿದಿದ್ದ ಮಾತನ್ನು ಹೇಳಲೇಬೇಕಾಯಿತು.

“ಗಟ್ಟಿ ಇರೋದು ಒಂದ ಸೈಕಲ್,” ಎಂದ ಮಾರಣ್ಣ. “ಬಾಟ್ಲಿ ತಗೊಂಡು ನೀ ಹೋಗು. ನಾ ಇದನ್ನ ನೂಕ್ಕೊಂಡು ಬರ್ತೀನಿ.”

“ನಿನ್ನೊಬ್ಬನ್ನ ಕರಡಿ ಬಾಯಿಗಿಟ್ಟು ಹೋಗ್ಲೇನು?”

“ರಾತ್ರಿಯೆಲ್ಲ ತಿರುಗಿ ಕರಡಿ ಈಗ ಮಲಗಿರತೈತಿ. ಹೊತ್ತು ಇಳಿಯೂಮಟ ಅದು ಗವಿ ಬಿಡಂಗಿಲ್ಲ. ನಾ ಹಾಡ್ಕೊಂತ ಬರ್ತೀನಿ. ನನ್ನ ಹಾಡು ಕೇಳಿದ್ರ ಅದಾಗೇ ಓಡತೈತಿ.” ಆಮೇಲೆ ಅವನ ದನಿ ತಗ್ಗಿತು. “ನಾ ಬೆನ್ನಿಗಿದ್ರ ನೀ ಮಧ್ಯಾಹ್ನಕ್ಕ ಮುಟ್ಟಂಗಿಲ್ಲ. ನನಗೂ ಗೊತ್ತು, ನಿನಗೂ ಗೊತ್ತು. ಒಂದ ಮಾತು ನೆನಪಿಡು. ಇಳಿಜಾರಿನ್ಯಾಗ ಬ್ರೇಕು ಒಂದಸವನ ಹಿಡೀಬ್ಯಾಡ, ಕಾದು ಹಿಡಿತ ಬಿಡ್ತೈತಿ. ಹಿಡಿ, ಬಿಡು. ಹಿಡಿ, ಬಿಡು.”

ಶಿವಲೀಲಾ ಬಾಟಲಿಯನ್ನು ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಬಿಗಿದುಕೊಂಡಳು. ಸೈಕಲ್ಲಿನ ಮೇಲೆ ಒಂದೆಳೆ ಹಗ್ಗವನ್ನೂ ಇಡಲಿಲ್ಲ.

ಹಸಿರು ಸೈಕಲ್ಲು ಮೊದಮೊದಲು ಅವಳ ಮಾತು ಕೇಳಲಿಲ್ಲ. ಭಾರ, ತಿರುಗಿಸಿದರೆ ತಡವಾಗಿ ತಿರುಗುತ್ತಿತ್ತು. ಆದರೆ ಕಲ್ಲುಗಳ ಮೇಲೆ ಬಿದ್ದಾಗ ಹಿಂದಿನ ತೋಳು ಏಳುವುದು, ಶಾಕು ಕುಗ್ಗುವುದು, ಮತ್ತೆ ಹಿಗ್ಗುವುದು ಅವಳ ಪಾದಗಳಿಗೆ ತಿಳಿಯತೊಡಗಿತು. ನಿನ್ನೆ ತಾನು ಏನನ್ನು ಕಟ್ಟಿಹಾಕಿದ್ದೆನೆಂದು ಅವಳಿಗೆ ಈಗ ಮೈಯಿಂದಲೇ ಅರ್ಥವಾಯಿತು.

ಉದ್ದನೆಯ ಹಾಸುಬಂಡೆ ಬಂತು.

ನಿನ್ನೆ ನೂಕಿಕೊಂಡು ಹತ್ತಿದ್ದ ಬಂಡೆ. ಬದಿಯಿಂದ ಬಳಸಿದರೆ ಅರ್ಧ ಗಂಟೆ ಹೆಚ್ಚು. ಸೂರ್ಯ ಆಗಲೇ ಎರಡಾಳು ಮೇಲೆ ಬಂದಿದ್ದ.

ಅವಳು ಸೀಟಿನಿಂದ ಹಿಂದಕ್ಕೆ ಸರಿದು, ಇಳಿದಳು.

ಹಿಡಿ, ಬಿಡು. ಹಿಡಿ, ಬಿಡು.

ಅರ್ಧ ದಾರಿಯಲ್ಲಿ ಸಣ್ಣ ಜಲ್ಲಿಯ ಪಟ್ಟಿಯೊಂದು ಅಡ್ಡ ಬಂತು. ಹಿಂದಿನ ಚಕ್ರ ಜಾರಿತು. ಬೆರಳುಗಳು ಬ್ರೇಕಿನ ಮೇಲೆ ತಾವಾಗಿಯೇ ಬಿಗಿಯಲು ನೋಡಿದವು. ಅವಳು ಬಿಟ್ಟಳು.

ಸೈಕಲ್ಲು ನೇರವಾಯಿತು, ವೇಗ ಇಮ್ಮಡಿಸಿತು. ಬಂಡೆಯ ಕೊನೆಯಲ್ಲಿ ಮೊಳದಷ್ಟು ಕುಸಿತ. ಎರಡೂ ಚಕ್ರಗಳು ನೆಲ ಬಿಟ್ಟು, ದೊಪ್ಪನೆ ಬಿದ್ದವು. ಶಾಕು ಬುಡದವರೆಗೆ ಕುಗ್ಗಿ ಅವಳನ್ನು ಮೇಲೆತ್ತಿತು. ಹುಲ್ಲಿನೊಳಗೆ ಇಪ್ಪತ್ತು ಮಾರು ಓಡಿ ಅವಳು ನಿಂತಳು. ಕಾರೆಮುಳ್ಳು ತೋಳನ್ನು ಗೀರಿತ್ತು. ಬೆನ್ನು ಮುಟ್ಟಿ ನೋಡಿಕೊಂಡಳು, ಬಾಟಲಿ ಸೋರಿರಲಿಲ್ಲ. ಬಗ್ಗಿ ಫ್ರೇಮಿನ ಬೆಸುಗೆಗಳ ಮೇಲೆ ಬೆರಳಾಡಿಸಿದಳು. ಎಲ್ಲವೂ ನೆಟ್ಟಗಿತ್ತು.

ಕ್ವಾರಿ ಹಿಂದಾಯಿತು. ಎರೆಹೊಲಗಳು ಬಂದವು. ಅವಳ ನೆರಳು ಕುಗ್ಗುತ್ತ ಕುಗ್ಗುತ್ತ ಚಕ್ರಗಳ ಕೆಳಗೆ ಸೇರಿಕೊಳ್ಳುತ್ತಿತ್ತು.

ಹಟ್ಟಿಯಲ್ಲಿ ಬಲೆಯ ಬೇಲಿ ಕಿತ್ತಾಗಿತ್ತು. ಕತ್ತೆಗಳ ಮೇಲೆ ಹೇರು ಏರಿತ್ತು. ಮುಂದಾಳು ಟಗರಿನ ಮುಖ ಕಾಲುವೆಯ ದಾರಿಗೆ ತಿರುಗಿತ್ತು. ಸಿದ್ದಬಸಪ್ಪ ಹೆಗಲ ಮೇಲೆ ಕೋಲಿಟ್ಟು ಪಡುವಣಕ್ಕೆ ನೋಡುತ್ತ ನಿಂತಿದ್ದ. ದೂಳಿನೊಳಗಿಂದ ಹಸಿರು ಸೈಕಲ್ಲು ಹೊರಬಿದ್ದಾಗ ಅವನು ಕೋಲನ್ನು ಕೆಳಗಿಳಿಸಿದ.

ಶಿವಲೀಲಾ ಇಳಿದು ಬೆನ್ನಿನ ಬಾಟಲಿ ಬಿಚ್ಚಿದಳು. ಬೋಗುಣಿಗೆ ನೀರು ಸುರಿದು ಟಗರಿನ ಮುಂದಿಟ್ಟಳು. ಅದು ಮೂಸಿತು. ತಲೆಯೆತ್ತಿ ಅವಳನ್ನು ನೋಡಿತು. ಮತ್ತೆ ಮೂತಿ ತಗ್ಗಿಸಿ, ಬೋಗುಣಿ ಬರಿದಾಗುವವರೆಗೆ ಕುಡಿದು, ತಳವನ್ನೂ ನೆಕ್ಕಿತು.

“ಹೊಡೀರಿ ಗುಡ್ಡಕ್ಕ!” ಎಂದು ಸಿದ್ದಬಸಪ್ಪ ಕೂಗಿದ. ಆಮೇಲೆ ತಿರುಗಿ, “ಮಾರಣ್ಣ ಎಲ್ಲಿ?” ಎಂದ.

“ಬರಾಕತ್ತಾನ. ದಾರಿಯಾಗ ಸಿಗ್ತಾನ.”

ಅವಳು ಹಿಂಡಿನ ಜೊತೆ ಹೊರಡುವ ಮುನ್ನ ಲಾಲಪ್ಪನಿಗೆ ಫೋನು ಮಾಡಿ ಕ್ವಾರಿಗೆ ಬರಹೇಳಿದಳು. ಹೊತ್ತು ಮುಳುಗುವ ಹೊತ್ತಿಗೆ ಹಿಂಡು ಕ್ವಾರಿಯನ್ನು ತಲುಪಿದಾಗ, ಒಡೆದು ಬಿಟ್ಟ ಕಲ್ಲಿನ ಮೇಲೆ ಕುಳಿತು ಎಲೆ ಮೆಲ್ಲುತ್ತಿದ್ದ ಮಾರಣ್ಣನನ್ನು ಕಂಡು ಅವಳ ಎದೆಯ ಭಾರ ಇಳಿಯಿತು. ಹಿಂದೆಯೇ ಲಾಲಪ್ಪನ ಬೈಕೂ ಬಂತು. ಅವನು ಬಿರುಕು ಬಿಟ್ಟ ಫ್ರೇಮನ್ನು ನೋಡಿ ಕೆಂಡವಾದ.

“ಆ ಶಿಬಿರದೋರು ನನಗ ಪುಚ್ಚಿಪೋಯಿನ, ಕೊಳೆತ ಮಾಲು ಕೊಟ್ಟಾರ! ನಾಳೆನೇ ಹೋಗಿ ಕುತ್ತಿಗಿ ಪಟ್ಟಿ ಹಿಡೀತೀನಿ.”

ಮಾರಣ್ಣ ಎಲೆ ಮೆಲ್ಲುತ್ತಲೇ ಇದ್ದ. ಸಿದ್ದಬಸಪ್ಪ ಪಕ್ಕದಲ್ಲೇ ನಿಂತಿದ್ದ. ತಾನು ಬಾಯಿ ತೆರೆಯದಿದ್ದರೆ ಯಾರಿಗೂ ತಿಳಿಯದೆಂದು ಶಿವಲೀಲಾಳಿಗೆ ಗೊತ್ತಿತ್ತು. ಹಟ್ಟಿಯಲ್ಲೇ ಬಿಗಿಯಾದ ಹೇರು ಅವಳದು ಎಂಬ ಹೆಸರಿಗೂ ಕುಂದು ಬರುತ್ತಿರಲಿಲ್ಲ.

“ಬ್ಯಾಡಣ್ಣಾ,” ಎಂದಳು. “ಫ್ರೇಮಿಂದು ತಪ್ಪಿಲ್ಲ. ಅದು ಕದಲೋ ಜಾಗದಾಗ ನಾ ಗೂಟ ತುರುಕಿದ್ದೆ. ಮುರದಾಕಿ ನಾನು.”

ಲಾಲಪ್ಪ ಬಗ್ಗಿ ಕೊಳವೆಯ ತಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿದ.

“ನಾನೂ ಭೇಷ್ ಅಂದಿದ್ದೆ,” ಎಂದ ಮಾರಣ್ಣ, ಎಲೆಯ ರಸ ಉಗುಳಿ. “ಅಲ್ಯೂಮಿನಿಯಂ ಕೈ ಕೊಡ್ತೈತಿ ಅಂದಿದ್ನಲ್ಲ, ಅದನ್ನ ವಾಪಸ್ ತಗೋತೀನಿ. ಬೆಳಗಿಂದ ಸಂಜಿಮಟ ಗುದ್ದು ತಿಂದು, ಮುರೀದ ನಿಂತಿತ್ತು ಪಾಪ.”

“ಮೊದ್ಲು ಹೊಗಳಿದವ ನಾನಲ್ಲೇನು?” ಎಂದು ಸಿದ್ದಬಸಪ್ಪ ಗೊಣಗಿದ. “ಮೂರೂ ಮಂದಿ ಶಾಣ್ಯಾರು ಕೂಡಿ ಕೆಡಿಸೀವಿ.”

ಲಾಲಪ್ಪನಿಗೆ ನಗು ಬಂದುಬಿಟ್ಟಿತು. “ಸರೇ, ಈಗ ಯಾವ್ದು ಬೇಕಮ್ಮಾ?”

“ಮುರಿದದ್ದು ನಾ ಬಿಟ್ಟು ಹೋಗಂಗಿಲ್ಲ, ಅದು ನಂದ. ಬೆಸುಗಿ ಹಾಕಿಸಿದ್ರ ನಡೀತೈತೇನ್ ಮಾವ?”

“ಬಯಲಿಗೆ ನಡೀತೈತಿ. ಬೆಸುಗಿ ಕಾವಿಗೆ ಆ ಜಾಗ ಮೆತ್ತಗಾಗ್ತೈತಿ, ಗುಡ್ಡಕ್ಕ ಬ್ಯಾಡ.”

“ಹಂಗಾರ ಅದು ಸುಂಕೇಶಣ್ಣಗ, ಬಯಲಿಗೆ. ಗುಡ್ಡಕ್ಕ ನನಗ ಈ ಹಸರಂದು. ಇದೂ ಒಂದಿನ ಬಾಗ್ತೈತಿ, ಸೀಳ್ತೈತಿ, ಗೊತ್ತೈತಿ ನನಗ. ಆದ್ರ ಎಮ್ಮಿಗನೂರು ಸಂತ್ಯಾಗೂ ಉಕ್ಕಿಗೆ ಬೆಸುಗಿ ಹಾಕೋರು ಸಿಗ್ತಾರ. ಮೂರು ಕಿಲೋ ನಾ ಹೊರತೀನಿ.”

ಎರಡು ಸೈಕಲ್ಲಿಗೆ ಪ್ರತಿಯಾಗಿ ಲಾಲಪ್ಪ ಮುಂದಾಳನ್ನು ಬಿಟ್ಟು ಹಿಂಡಿನಿಂದ ತನಗೆ ಬೇಕಾದ ಎರಡು ಟಗರುಗಳನ್ನು ಆರಿಸಿಕೊಳ್ಳುವುದೆಂದು ಮಾತಾಯಿತು. ಸಿದ್ದಬಸಪ್ಪ ಹಸಿರು ಸೈಕಲ್ಲಿನ ಬಳಿಗೆ ಹೋಗಿ ಸೀಟಿನ ಮೇಲೆ ಅಂಗೈಯಿಟ್ಟು ಒತ್ತಿದ. ಅದು ತಗ್ಗಿತು, ಕೈ ತೆಗೆದಾಗ ಎದ್ದಿತು. ಅವನು ಮತ್ತೊಮ್ಮೆ ಒತ್ತಿದ.

“ನಾಳೆ ದೊಣಿಮಟ ಇದಕ್ಕ ಹೇರು ಯಾರು ಕಟ್ಟವರು?”

“ಯಾರೂ ಕಟ್ಟಂಗಿಲ್ಲ ದೊಡ್ಡಪ್ಪ. ಹೇರು ಕತ್ತೆ ಮ್ಯಾಲ, ನಾ ಇದರ ಮ್ಯಾಲ.”

ಮರುದಿನ ಬೆಳಕು ಹರಿದಾಗ ಹಿಂಡು ಕ್ವಾರಿಯನ್ನು ಬಿಟ್ಟು ಕಲ್ಲುನಾಡಿಗೆ ಕಾಲಿಟ್ಟಿತು. ನಾನೂರು ಕುರಿಗಳಿಗಿಂತ ನೂರು ಮಾರು ಮುಂದೆ ಶಿವಲೀಲಾ ಒಬ್ಬಳೇ ಪೆಡಲು ತುಳಿಯುತ್ತಿದ್ದಳು. ಮೊದಲ ಬಂಡೆಗಲ್ಲು ಎದುರಾದಾಗ ಸೈಕಲ್ಲು ಅವಳ ಕೆಳಗೆ ಕುಗ್ಗಿತು, ಎದ್ದಿತು, ದಾಟಿತು. ಅವಳು ಹಿಂದಿರುಗಿ, ಬನ್ನಿ ಎಂದು ಕೈಬೀಸಿದಳು.